ಮಗಳಿಗೊಂದು ಪತ್ರ: ವುಹಾನ್‌ನ ತರಗತಿಗೆ ಕಾಲಿಡುವ ಮುನ್ನ

ಚಿ॥ ಕಾವ್ಯಳಿಗೆ ಅಮ್ಮನ ಆಶೀರ್ವಾದಗಳು.

ಚೀನಾದ ವಿಶ್ವವಿದ್ಯಾಲಯದ ಮಕ್ಕಳಿಗೆ ಇಂಗ್ಲಿಷ್ ಕಲಿಸೋದನ್ನ ಎಲ್ಲಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ವ್ಯಾಕರಣದಿಂದಂತೂ ಬೇಡ. ಅವರು ಮೂರನೇ ತರಗತಿಯಿಂದ ಇಂಗ್ಲಿಷ್ ಓದಿಕೊಂಡು ಬಂದವರು. ಗಾವ್‌ಕಾವ್ ಎಂಬ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಯ 750 ಅಂಕಗಳಲ್ಲಿ ಇಂಗ್ಲಿಷಿಗೇ 150. ಪ್ಯಾಸಿವ್ ವಾಯ್ಸ್, ರಿಲೇಟಿವ್ ಕ್ಲಾಜ್ ಎಲ್ಲಾ ಅರೆದು ಕುಡಿದಿರುತ್ತಾರೆ. ಓದಿದ್ದು ಬಾಯಿಗೆ ಬರುವುದಿಲ್ಲ, ಅಷ್ಟೆ. ಅದನ್ನು ಬರಿಸುವುದೇ ನಿನ್ನ ಕೆಲಸ.

ಅದಕ್ಕೆ ಮೊದಲು ನಿನ್ನ ಬಾಯಿಯನ್ನೇ ಸ್ವಲ್ಪ ತಿದ್ದಿಕೊಳ್ಳಬೇಕು ಕಣೇ. ಕನ್ನಡದವರು ಪ್ಯಾಕ್, ಟೆನ್, ಕೋಟ್ ಅನ್ನುವಾಗ ಮೊದಲ ಅಕ್ಷರವನ್ನು ಅಲ್ಪಪ್ರಾಣದಲ್ಲೇ ಹೇಳುತ್ತೇವೆ. ನಮಗೆ ಪ ಬೇರೆ, ಬ ಬೇರೆ, ಆದ್ದರಿಂದ ಗೊಂದಲವಿಲ್ಲ. ಅವರ ಚೀನೀ ಭಾಷೆ ಮ್ಯಾಂಡರಿನ್‌ನಲ್ಲಿ ನಮ್ಮ ಬ, ದ, ಗ ಇಲ್ಲವೇ ಇಲ್ಲ. ಅವರು ಅಕ್ಷರಗಳನ್ನು ಬೇರ್ಪಡಿಸುವುದು ಉಸಿರಿನಿಂದ. ಚೀನೀ ಮಾತನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪಿನ್‌ಯಿನ್ ಬರವಣಿಗೆಯಲ್ಲಿ ‘ಬಿ’ ಅಕ್ಷರ ಹಾಕಿದ ಕಡೆ ಅವರು ಉಚ್ಚರಿಸುವುದು ಹೆಚ್ಚುಕಡಿಮೆ ನಮ್ಮ ಪ, ‘ಪಿ’ ಹಾಕಿದ ಕಡೆ ಮಹಾಪ್ರಾಣದ ಫ. ಫ್ಯಾನಿನ ಫ ಅಲ್ಲ, ಹಳೇ ಮೇಷ್ಟ್ರುಗಳು ಒತ್ತಿ ಹೇಳಿಸುತ್ತಿದ್ದ ‘ಫಲ’ದ ಫ. ಹೀಗಾಗಿ ನೀನು ಪ್ಯಾಕ್ ಅಂದರೆ ಅವರ ಕಿವಿಗೆ ಅದು ಬ್ಯಾಕ್ ಆಗಿಬಿಡಬಹುದು, ಕೋಟ್ ಗೋಟ್ ಆಗಬಹುದು. ತಪ್ಪು ಅವರ ಕಿವಿಯದಲ್ಲ.

ಟಿಶ್ಯೂ ಕಾಗದದ ಎರಡು ಬೆರಳಗಲದ ಪಟ್ಟಿ ಹರಿದು, ತುಟಿಯಿಂದ ನಾಲ್ಕು ಬೆರಳು ದೂರದಲ್ಲಿ ಇಳಿಬಿಟ್ಟು ಹಿಡಿ. ಪ್ಯಾಕ್ ಅಂದಾಗ ಪಟ್ಟಿ ಹಾರಬೇಕು, ಬ್ಯಾಕ್ ಅಂದಾಗ ಅಲುಗಬಾರದು. ಸ್ಪೀಕ್, ಸ್ಟಾಪ್, ಸ್ಕೈ ಇಂಥ ಕಡೆ ಮುಂಚೆ ಸಕಾರ ಇರುವುದರಿಂದ ಉಸಿರು ಬೇಡ, ಅಲ್ಲೂ ಪಟ್ಟಿ ಸುಮ್ಮನಿರಬೇಕು. ನಿನಗೆ ರೂಢಿಯಾದ ಮೇಲೆ ಇದನ್ನೇ ತರಗತಿಯಲ್ಲೂ ಮಾಡಿಸು.

ಇನ್ನೆರಡು ಕಡೆ ನೀನೂ ಅವರೂ ಒಂದೇ ದೋಣಿಯಲ್ಲಿದ್ದೀರಿ. ಥಿಂಕ್ ಎಂಬುದನ್ನು ನಾವು ಥಕಾರದಿಂದ ತಡೆದು ಹೇಳುತ್ತೇವೆ, ಅವರು ಸಿಂಕ್ ಅನ್ನುತ್ತಾರೆ. ನಾಲಗೆಯ ತುದಿ ಹಲ್ಲುಗಳ ನಡುವೆ ಕಾಣುವಂತಿರಬೇಕು, ಗಾಳಿ ನಿಲ್ಲದೆ ಹೋಗುತ್ತಿರಬೇಕು. ಫೋನಿನ ಸೆಲ್ಫಿ ಕ್ಯಾಮೆರಾ ತೆಗೆದು ನೋಡಿಕೊಳ್ಳಲು ಹೇಳು. ಬನಿಯನ್ನಿನ ವೆಸ್ಟ್, ಪಶ್ಚಿಮದ ವೆಸ್ಟ್ ಎರಡನ್ನೂ ನಾವು ಒಂದೇ ವಕಾರದಲ್ಲಿ ಮುಗಿಸುತ್ತೇವೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು.

ಪದದ ಕೊನೆಯ ವ್ಯಂಜನ ಅವರಿಗೆ ದೊಡ್ಡ ತಲೆನೋವು. ಮ್ಯಾಂಡರಿನ್‌ನ ಉಚ್ಚಾರಾಂಶ ಸ್ವರದಲ್ಲಿ ಮುಗಿಯಬೇಕು, ಇಲ್ಲವೇ ಅನುನಾಸಿಕದಲ್ಲಿ, ಅಪರೂಪಕ್ಕೆ ರಕಾರದಲ್ಲಿ. ಹಾಗಾಗಿ ಲೈಕ್, ಗುಡ್‌ಗಳ ಕೊನೆಗೆ ಒಂದು ಚೂರು ಅಕಾರ ಅಂಟಿಸುತ್ತಾರೆ, ಇಲ್ಲವೇ ಕೊನೆಯನ್ನೇ ನುಂಗುತ್ತಾರೆ. ಬಸ್ಸು, ಕಾರು, ಬುಕ್ಕು ಅನ್ನುವ ನಾವು ನಗುವ ಹಾಗಿಲ್ಲ ಬಿಡು. ಮದ್ದು ಇಷ್ಟೆ: ಕೊನೆಯ ವ್ಯಂಜನವನ್ನು ಮುಂದಿನ ಪದಕ್ಕೆ ಜೋಡಿಸು. ‘ಲೈಕ್ ಇಟ್’ ಎಂಬುದನ್ನು ‘ಲೈ ಕಿಟ್’ ಎಂದು, ‘ಪಿಕ್ ಅಪ್’ ಅನ್ನು ‘ಪಿ ಕಪ್’ ಎಂದು ಹೇಳಿಸು. ವ್ಯಂಜನ ಉಚ್ಚಾರಾಂಶದ ಮೊದಲಿಗೆ ಬಂದ ಕೂಡಲೇ ಅವರ ನಾಲಗೆಗೆ ಸಲೀಸು. ವುಹಾನ್ ಇರುವ ಹುಬೇ ಪ್ರಾಂತ್ಯದ, ಹುನಾನ್, ಸಿಚುವಾನ್ ಕಡೆಯ ಎಷ್ಟೋ ಮಕ್ಕಳ ಊರಮಾತಿನಲ್ಲಿ ನಕಾರ ಲಕಾರ ಕಲೆತುಹೋಗಿರುತ್ತವೆ. ನೈಟ್ ಲೈಟ್ ಆದರೆ ಮೂಗು ಮುಚ್ಚಿಕೊಂಡು ಹೇಳಲು ಬಿಡು. ಲಕಾರಕ್ಕೆ ದನಿ ಸರಾಗ, ನಕಾರಕ್ಕೆ ಕಟ್ಟಿಕೊಳ್ಳುತ್ತದೆ.

ಇನ್ನು ಮೌನದ ವಿಚಾರ. ‘ಯಾರಾದರೂ ಹೇಳಿ’ ಅಂದರೆ ನಲವತ್ತೈದು ತಲೆ ಕೆಳಗೆ ಹೋಗುತ್ತವೆ. ಅದು ಗೊತ್ತಿಲ್ಲದ್ದಕ್ಕಲ್ಲ. ಸಹಪಾಠಿಗಳ ಮುಂದೆ ತಪ್ಪಿ ಮುಖ ಕಳೆದುಕೊಳ್ಳುವುದೂ ಕಷ್ಟ, ತಾನೊಬ್ಬನೇ ಮುಂದೆ ಬಿದ್ದು ಮೆರೆದಂತೆ ಕಾಣುವುದೂ ಕಷ್ಟ. ಒಬ್ಬೊಬ್ಬರನ್ನೇ ಎಬ್ಬಿಸಿ ಕೇಳಿದರೆ ತಲೆಗೆ ಒಂದು ನಿಮಿಷ ಬಂದರೂ ಒಂದು ಪೀರಿಯಡ್ಡೇ ಮುಗಿಯಿತು. ಅದರ ಬದಲು ಪ್ರಶ್ನೆ ಬೋರ್ಡಿನ ಮೇಲೆ ಬರೆದು, ಮೂರು ನಿಮಿಷ ಸದ್ದಿಲ್ಲದೆ ಬರೆದುಕೊಳ್ಳಲು ಬಿಡು. ಪೂರಾ ವಾಕ್ಯ ಬೇಡ, ಐದಾರು ಪದ ಸಾಕು. ಆಮೇಲೆ ಜೋಡಿಯಲ್ಲಿ ಮಾತು: ಒಬ್ಬರು ನಾಲ್ಕು ನಿಮಿಷ ಹೇಳಲಿ, ಇನ್ನೊಬ್ಬರು ಕೇಳಲಿ. ಜೋಡಿ ಬದಲಿಸಿ ಅದೇ ವಿಷಯ ಮೂರು ನಿಮಿಷದಲ್ಲಿ, ಮತ್ತೆ ಬದಲಿಸಿ ಎರಡು ನಿಮಿಷದಲ್ಲಿ. ಆಮೇಲೆ ಕೇಳಿದವರ ಸರದಿ. ಮೂರನೇ ಸಲಕ್ಕೆ ತಡವರಿಕೆ ಕಡಿಮೆಯಾಗುವುದು ನಿನಗೇ ಕೇಳಿಸುತ್ತದೆ. ಮೊದಮೊದಲು ನಾಲ್ಕು ನಿಮಿಷ ಉದ್ದವಾದರೆ ಮೂರು, ಎರಡು, ಒಂದಕ್ಕೆ ಇಳಿಸು. ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿದ್ದರೆ ಬೆಸ ಸಾಲಿನವರು ಹಿಂದಕ್ಕೆ ತಿರುಗಿ ಕೂರಲಿ, ಪ್ರತಿ ಸುತ್ತಿಗೂ ಒಂದೊಂದು ಜಾಗ ಸರಿಯಲಿ. ನೀನು ನಡುವೆ ಓಡಾಡುತ್ತಾ ಕಿವಿಗೆ ಬಿದ್ದ ತಪ್ಪುಗಳಲ್ಲಿ ಐದನ್ನು ಆರಿಸಿ, ಹೆಸರು ಹಾಕದೆ ಕೊನೆಗೆ ಬೋರ್ಡಿನ ಮೇಲೆ ಬರಿ. ಮಾತಿನ ಮಧ್ಯೆ ತಿದ್ದಲು ಹೋಗಬೇಡ.

ಆ ಐದರಲ್ಲಿ ಹೀ, ಶೀ ಅದಲುಬದಲಾದದ್ದು ಇದ್ದೇ ಇರುತ್ತದೆ. ಅವರ ಮಾತಿನಲ್ಲಿ ಅವನೂ ‘ತಾ’, ಅವಳೂ ‘ತಾ’. ನಿಯಮ ಹೇಳಿ ಪ್ರಯೋಜನವಿಲ್ಲ. ಅಪ್ಪ ಅಮ್ಮನ ದಿನಚರಿಯನ್ನು ಕಲೆಸಿ ಹತ್ತು ವಾಕ್ಯ ಹೇಳಲಿ, ತಪ್ಪಿದಾಗಲೆಲ್ಲ ಜೊತೆಗಾರ ಮೇಜು ಕುಟ್ಟಲಿ.

ಅಂಕಿಗಳ ಬಗ್ಗೆ ಎಚ್ಚರ. ಅವರ ಎಣಿಕೆ ಹತ್ತು ಸಾವಿರಕ್ಕೊಮ್ಮೆ ಮುರಿಯುತ್ತದೆ, ಅದು ‘ವಾನ್’. ಹತ್ತು ಕೋಟಿಗೆ ‘ಯಿ’. ಮೂರೂವರೆ ಲಕ್ಷ ಅವರಿಗೆ 35 ವಾನ್, ಅದು ಬಾಯಲ್ಲಿ ‘ಥರ್ಟಿಫೈವ್ ಥೌಸಂಡ್’ ಆಗಿ ಹೊರಬೀಳುತ್ತದೆ. ದೇಶದ ಜನಸಂಖ್ಯೆ ನಮ್ಮ ಲೆಕ್ಕದಲ್ಲಿ 140 ಕೋಟಿ, ಅವರಲ್ಲಿ 14 ಯಿ, ಇಂಗ್ಲಿಷಿನಲ್ಲಿ 1.4 ಬಿಲಿಯನ್. ನೀನು ಅಭ್ಯಾಸಬಲದಿಂದ ಬೋರ್ಡಿನ ಮೇಲೆ 3,50,000 ಎಂದು ಅಲ್ಪವಿರಾಮ ಹಾಕಿದರೆ ಇನ್ನೊಂದು ಗೊಂದಲ ಸೇರುತ್ತದೆ. ಬಲಗಡೆಯಿಂದ ಮೂರು ಮೂರು ಅಂಕಿಗೇ ಹಾಕು: 350,000.

ಅವರ ತಲೆಯಲ್ಲಿ ಯಾವಾಗಲೂ ಸಿಇಟಿ-4 ಪರೀಕ್ಷೆ ಕೂತಿರುತ್ತದೆ. ನಮ್ಮ ಸಿಇಟಿ ಅಲ್ಲ, 1987ರಿಂದ ನಡೆದು ಬಂದಿರುವ ಕಾಲೇಜು ಇಂಗ್ಲಿಷ್ ಪರೀಕ್ಷೆ. ಜೂನ್, ಡಿಸೆಂಬರ್‌ಗಳಲ್ಲಿ ನಡೆಯುತ್ತದೆ. 710ಕ್ಕೆ 425 ಬಂದರೆ ಪಾಸು ಎಂದೇ ಎಲ್ಲರ ಲೆಕ್ಕ, ಮುಂದಿನ ಹಂತದ ಸಿಇಟಿ-6ಕ್ಕೆ ಕೂರಲೂ ಅಷ್ಟು ಬೇಕು. ಆಲಿಸುವಿಕೆಗೆ ಶೇ. 35, ಓದಿಗೆ ಶೇ. 35, ಪ್ರಬಂಧಕ್ಕೂ ಅನುವಾದಕ್ಕೂ ತಲಾ ಶೇ. 15. ಮಾತಿನ ಪರೀಕ್ಷೆ ಬೇರೆಯೇ ಇದೆ, ಬೇಕಾದವರು ಹೆಸರು ಕೊಡಬಹುದು. ಹೀಗಿರುವಾಗ ನಿನ್ನ ಮಾತಿನ ತರಗತಿ ಅವರಿಗೆ ಪುರುಸೊತ್ತಿನ ಪಾಠವಾಗಿ ಕಂಡರೆ ಆಶ್ಚರ್ಯವೇನು? ಪರೀಕ್ಷೆಯನ್ನೇ ಮಾತಿಗೆ ಎಳೆದು ತಾ. ಅನುವಾದಕ್ಕೆ ಕೊಡುವ ಪ್ಯಾರಾ ಸಾಮಾನ್ಯವಾಗಿ ಚೀನಾದ ಸಂಸ್ಕೃತಿ, ಸಮಾಜದ ಬಗ್ಗೆ ಇರುತ್ತದೆ: ಹಬ್ಬ, ಚಹಾ, ನದಿ ಇಂಥವು. ಅದನ್ನು ಬರೆಯುವ ಮೊದಲು ಜೋಡಿಯಲ್ಲಿ ಬಾಯಲ್ಲಿ ಹೇಳಿಸು.

ಪ್ರಬಂಧಗಳಲ್ಲಿ ‘ವಿತ್ ದ ಡೆವಲಪ್‌ಮೆಂಟ್ ಆಫ್ ಸೊಸೈಟಿ’ ಎಂದು ಶುರುವಾಗಿ ‘ಓನ್ಲಿ ಇನ್ ದಿಸ್ ವೇ’ ಎಂದು ಮುಗಿಯುವ ಬಾಯಿಪಾಠ ಧಾರಾಳ. ಬೈಯಬೇಡ, ಪರೀಕ್ಷೆಯಲ್ಲಿ ಅದು ಅವರನ್ನು ಕಾಪಾಡಿದೆ. ಅಂಥ ವಾಕ್ಯದ ಕೆಳಗೆ ಗೆರೆ ಎಳೆದು ‘ಯಾರು? ಎಲ್ಲಿ? ಯಾವಾಗ?’ ಎಂದಷ್ಟೇ ಬರಿ. ‘ಆಲ್ದೋ’ ಬಂದ ಕಡೆ ‘ಬಟ್’ ಕೂಡ ಬಂದಿರುತ್ತದೆ, ಚೀನೀಯಲ್ಲಿ ಎರಡೂ ಜೋಡಿಯಾಗಿ ಬರುವುದರಿಂದ. ಎಲ್ಲ ತಪ್ಪುಗಳಿಗೂ ಕೆಂಪು ಶಾಯಿ ಸುರಿಯಬೇಡ, ಒಂದು ಸಲಕ್ಕೆ ಎರಡು ಬಗೆ ಸಾಕು. ಒಂದಕ್ಕೆ ಎಂಟು ನಿಮಿಷ ಹಿಡಿದರೂ 45ಕ್ಕೆ ಆರು ಗಂಟೆ, ನಿನಗೆ ಅಂಥ ತರಗತಿಗಳು ನಾಲ್ಕೈದು ಇರಬಹುದು. ಮೊದಲ ಕರಡನ್ನು ತರಗತಿಯಲ್ಲೇ ಕಾಗದದ ಮೇಲೆ ಬರೆಸು. ಮನೆಗೆ ಕೊಟ್ಟರೆ ಡೌಬಾವೋ, ಡೀಪ್‌ಸೀಕ್‌ನಂಥ ಎಐ ಆ್ಯಪ್‌ಗಳು ಬರೆದದ್ದನ್ನು ತಿದ್ದುತ್ತಾ ಕೂರುತ್ತೀಯ.

ಪ್ರತಿ ತರಗತಿಗೂ ಒಬ್ಬ ‘ಬಾನ್‌ಝಾಂಗ್’, ಅಂದರೆ ಕ್ಲಾಸ್ ಮಾನಿಟರ್ ಇರುತ್ತಾನೆ ಅಥವಾ ಇರುತ್ತಾಳೆ. ಹಾಜರಿ, ವೀಚಾಟ್ ಗುಂಪು, ಕೋಣೆ ಬದಲಾದ ಸುದ್ದಿ ಎಲ್ಲಾ ಅವರ ಕೈಲಿ. ಮರುದಿನದ ಪ್ರಶ್ನೆಗಳನ್ನು ಹಿಂದಿನ ದಿನವೇ ಅವರಿಗೆ ಕಳಿಸಿದರೆ ಮೌನ ಅರ್ಧ ಕಡಿಮೆ. ಹೊಸಬರಿಗೆ ಮೊದಲು ಸೇನಾ ತರಬೇತಿ ನಡೆಯುವುದರಿಂದ ಅವರ ಪಾಠ ತಡವಾಗಿ ಶುರುವಾಗುತ್ತದೆ. ಅಕ್ಟೋಬರ್ 1ರ ರಜೆಗೆ ಬದಲಾಗಿ ಶನಿವಾರವೋ ಭಾನುವಾರವೋ ಪಾಠ ಬೀಳುತ್ತದೆ, ತಾರೀಖನ್ನು ಮಾನಿಟರ್ ಹತ್ತಿರವೇ ಕೇಳಿಕೋ. ಗೂಗಲ್, ಯೂಟ್ಯೂಬ್ ಅಲ್ಲಿ ತೆರೆಯುವುದಿಲ್ಲ. ಬೇಕಾದ ಆಡಿಯೊ, ವಿಡಿಯೊಗಳನ್ನು ಇಲ್ಲಿಂದಲೇ ಪೆನ್‌ಡ್ರೈವ್‌ಗೆ ಇಳಿಸಿಕೊಂಡು ಹೋಗು, ಇನ್ನೊಂದು ಪ್ರತಿ ಲ್ಯಾಪ್‌ಟಾಪಿನಲ್ಲೂ ಇರಲಿ.

ಇಂತಿ,
ನಿನ್ನ ಅಮ್ಮ