ಎರಡು ದೋಣಿಯಲ್ಲಿ ಕಾಲಿಟ್ಟವನ ಪತ್ರ

ಪ್ರೀತಿಯ ಪ್ರೊಫೆಸರ್ ಸಾಹೇಬರೇ,

(ಬೈಬೇಡ. ನಿನ್ನ ಇನ್ನೊಂದು ಹೆಸರು ಇಷ್ಟು ಜನರ ಮುಂದೆ ಬೇಡ, ಅಲ್ವಾ?)

"ನಿನ್ನ ಕೆಲಸ ಗಾಳಿಯದ್ದೋ, ಮಕ್ಕಳದ್ದೋ?" ಅಂತ ನೀನು ಕೇಳಿದ್ದೆ. ಗಾಳಿಯ ಹೊಗೆ ಮಕ್ಕಳ ನೆನಪಿಗೆ ಏನು ಮಾಡುತ್ತದೆ ಅಂತ ನೋಡುವವನು ನಾನು. ಹಾಗಾಗಿ ಎರಡೂ ಕಣೋ, ಅದೇ ತೊಂದರೆ. ಪರಿಸರದವರಿಗೆ ನಾನು ಮನಶ್ಶಾಸ್ತ್ರದವನು, ಮನಶ್ಶಾಸ್ತ್ರದವರಿಗೆ ಪರಿಸರದವನು. ಭಾಷಣದಲ್ಲಿ ಇಂಥವರು ಬೇಕು ಅಂತಾರೆ, ಕೆಲಸ ಕೇಳಿದರೆ ಪಕ್ಕದ ವಿಭಾಗ ತೋರಿಸುತ್ತಾರೆ. ಬಿಡು, ಈ ಗೋಳು ನಿನಗೆ ಬಾಯಿಪಾಠ.

ಕ್ಲೇರ್ ಪ್ಯಾಟರ್ಸನ್ ಕಥೆ ಹೇಳಿದ್ದೆನಾ? ಉಲ್ಕಾಶಿಲೆಯಲ್ಲಿರುವ ಸೀಸ (ಲೆಡ್) ಅಳೆದು ಭೂಮಿಯ ವಯಸ್ಸು ಲೆಕ್ಕ ಹಾಕೋಕೆ ಕೂತ ವಿಜ್ಞಾನಿ. ಅಳೆದಾಗೆಲ್ಲ ಸೀಸ ಜಾಸ್ತಿ ಬರುತ್ತಿತ್ತು. ನೋಡಿದರೆ ಪ್ರಯೋಗಾಲಯದ ಧೂಳಲ್ಲೇ ಸೀಸ! 1956ರಲ್ಲಿ ವಯಸ್ಸೇನೋ ಸಿಕ್ಕಿತು, ಸುಮಾರು 455 ಕೋಟಿ ವರ್ಷ. ಸೀಸ ಮಾತ್ರ ಅವರ ಬೆನ್ನು ಬಿಡಲಿಲ್ಲ. ಕೊನೆಗೆ ಪೆಟ್ರೋಲಿಗೆ ಅದನ್ನು ಬೆರೆಸುವವರ ಮೇಲೇ ತಿರುಗಿಬಿದ್ದರು. ಅತ್ತ ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಶಾಲೆ ಮಕ್ಕಳ ಉದುರಿದ ಹಾಲುಹಲ್ಲು ಕೂಡಿಹಾಕಿದರು. ರಕ್ತದ ಸೀಸ ಬೇಗ ಇಳಿಯುತ್ತದೆ, ಹಲ್ಲಿನಲ್ಲಿ ಕೂತದ್ದು ಅಲ್ಲೇ ಇರುತ್ತದೆ. ಸೀಸ ಜಾಸ್ತಿ ಇದ್ದ ಮಕ್ಕಳು ಬುದ್ಧಿಮತ್ತೆ ಪರೀಕ್ಷೆಯಲ್ಲಿ ಹಿಂದೆ ಬಿದ್ದಿದ್ದರು ಅಂತ 1979ರಲ್ಲಿ ಪ್ರಕಟಿಸಿದರು. ಯಾರ ಹಲ್ಲಿನಲ್ಲಿ ಎಷ್ಟಿದೆ ಅಂತ ಗೊತ್ತೇ ಇಲ್ಲದ ಟೀಚರುಗಳೂ ಅಂಥ ಮಕ್ಕಳಿಗೇ ಗಮನ ನಿಲ್ಲುವುದಿಲ್ಲ ಅಂದಿದ್ದರು. ಕಾರಿನ ಪೆಟ್ರೋಲಿನಿಂದ ಸೀಸ ಜಗತ್ತಿನ ಎಲ್ಲ ಕಡೆ ತೊಲಗಿದ್ದು ಯಾವಾಗ ಗೊತ್ತಾ? 2021ರಲ್ಲಿ.

ಇದನ್ನೆಲ್ಲ ಓದಿಯೇ ಈ ಕಡೆ ಬಂದೆ. ಈಗ ಒಂದು ವಿಷಯ ತಲೆ ತಿನ್ನುತ್ತಿದೆ.

ಮೊನ್ನೆ ನನ್ನ ಗ್ರಾಫ್ ಸಿದ್ಧವಾಯಿತು. ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಮಕ್ಕಳ ನೆನಪಿನ ಪರೀಕ್ಷೆಯ ಅಂಕ. ಗೆರೆ ನೀಟಾಗಿ ಕೆಳಗಿಳಿದಿತ್ತು. ಎದ್ದು ಕುಣಿದುಬಿಟ್ಟೆ ಕಣೋ. ಆಮೇಲೆ ತೀರಾ ಕೆಳಗಿನ ಚುಕ್ಕಿಯ ಮೇಲೆ ಕಣ್ಣು ಬಿತ್ತು. ಹೆಸರು ಇರುವುದಿಲ್ಲ, ಆದರೂ ಯಾರದ್ದು ಅಂತ ಗೊತ್ತಾಯಿತು. ಅಂಕಿಗಳನ್ನು ತಿರುಗಿಸಿ ಹೇಳುವ ಆಟದಲ್ಲಿ ಮೂರಕ್ಕೇ ತಡವರಿಸಿ, "ಇನ್ನೊಂದ್ಸಲ ಆಡೋಣ್ವಾ?" ಅಂದಿದ್ದ ಹುಡುಗಿ. ನಿಯಮದಂತೆ ಆಗಲ್ಲ ಅಂದಿದ್ದೆ. ಅವಳು ಚೆನ್ನಾಗಿ ಆಡಿದ್ದರೆ ಗೆರೆ ಇಷ್ಟು ಚೆಂದ ಬರುತ್ತಿರಲಿಲ್ಲ. ಸದ್ಯ, ಆಡಲಿಲ್ಲ ಅನ್ನಿಸಿತು. ಒಂದೇ ಕ್ಷಣ, ಆದರೆ ಅನ್ನಿಸಿತು. ನಾಳೆ ಗಾಳಿಯೆಲ್ಲ ಶುದ್ಧವಾದರೆ ನಾನೇನು ಮಾಡಲಿ ಅಂತಲೂ ಯೋಚಿಸಿದ್ದೇನೆ, ಗೊತ್ತಾ.

ಛೆ, ಸುಮ್ನೆ ಇಷ್ಟೆಲ್ಲ ಬರೆದುಬಿಟ್ಟೆ. ಉಳಿದವರು ಇದನ್ನು ಓದಿ ಎಂಥ ಸೂಕ್ಷ್ಮ ಮನಸ್ಸು ಅಂದುಕೊಳ್ಳಲಿ, ಸಂಶೋಧನೆಯ ಹಣ ಕೊಡುವವರು ಓದದೇ ಇರಲಿ. ನೀನು ಮಾತ್ರ ನನ್ನ ಕುಣಿತದ ಬಗ್ಗೆ ಕೆಳಗೆ ಕಾಮೆಂಟಿನಲ್ಲಿ ಏನೂ ಬರೆಯಬೇಡ. ಬರೆದರೆ ವಾರ್ಷಿಕೋತ್ಸವದ ಮೈಕಿನ ವಿಷಯ ನಾನೂ ಎತ್ತಬೇಕಾಗುತ್ತೆ.

ಇಂತಿ ನಿನ್ನ,
ಅರೆಬರೆ ವಿಜ್ಞಾನಿ