ಗೆಳೆಯಾ, ನಿನ್ನ ತಮ್ಮನ ಎಂಡಿಆರ್ ಟಿಬಿ ವಾಸಿಯಾಗಲು ಏನೇನು ಬೇಕು

ಪ್ರೀತಿಯ ಗೆಳೆಯ,

ನಿನ್ನ ಮೆಸೇಜು ಓದಿದೆ. ತಮ್ಮನ ಕಫದಲ್ಲಿ, ಟಿಬಿಯ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ಬಗ್ಗದ ಟಿಬಿ ಸಿಕ್ಕಿದೆ ಎಂದು ಬರೆದು, ಕೊನೆಯಲ್ಲಿ "ವಾಸಿ ಆಗುತ್ತಾ?" ಎಂದು ಕೇಳಿದ್ದೀಯ. ಆಗುತ್ತೆ. ಸಮಾಧಾನಕ್ಕೆ ಸುಮ್ನೆ ಹೇಳುತ್ತಿಲ್ಲ, ಇಂಥ ರೋಗಿಗಳ ಜೊತೆಯಲ್ಲೇ ಕೆಲಸ ಮಾಡುವವನಾಗಿ ಹೇಳುತ್ತಿದ್ದೇನೆ. ಉತ್ತರವನ್ನು ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ, ಯಾಕಂದ್ರೆ ಇದೇ ಪ್ರಶ್ನೆ ಇಟ್ಟುಕೊಂಡು ಯಾರನ್ನೂ ಕೇಳಲಾಗದೆ ಕೂತ ಮನೆಗಳು ತುಂಬಾ ಇವೆ. ಹೆಸರು, ವಿಳಾಸ ಯಾವುದನ್ನೂ ಹಾಕಿಲ್ಲ, ಚಿಂತೆ ಬೇಡ.

ಮೊದಲು ಒಂದು ಮಾತು. "ಮಾತ್ರೆ ಸರಿಯಾಗಿ ತಗೊಂಡಿದ್ರೆ ಹೀಗಾಗ್ತಿತ್ತಾ" ಎಂದು ಅವನನ್ನು ಯಾರೂ ಬೈಯಬೇಡಿ. ಔಷಧಕ್ಕೆ ಬಗ್ಗದ ರೋಗಾಣುವೇ ಗಾಳಿಯ ಮೂಲಕ ಇನ್ನೊಬ್ಬರಿಂದ ನೇರವಾಗಿ ಬಂದಿರಬಹುದು. ಈ ಹಿಂದೆ ಟಿಬಿ ಮಾತ್ರೆಯನ್ನೇ ನೋಡದವರಲ್ಲೂ ಎಂಡಿಆರ್, ಅಂದರೆ ಮುಖ್ಯ ಔಷಧಗಳಿಗೆ ಬಗ್ಗದ ಟಿಬಿ, ಸಿಗುತ್ತದೆ. ತಪ್ಪು ಹೊರಿಸಿಕೊಂಡವನು ಮುಂದೆ ಏನಾದರೂ ತೊಂದರೆಯಾದರೆ ಬಾಯಿ ಬಿಡುವುದಿಲ್ಲ. ಈ ಕಾಯಿಲೆಯಲ್ಲಿ ಬಾಯಿ ಬಿಡದೇ ಇರುವುದೇ ದೊಡ್ಡ ಅಪಾಯ, ಅದನ್ನು ಮುಂದೆ ಹೇಳುತ್ತೇನೆ.

ಈಗ ಪರೀಕ್ಷೆ ವಿಷಯ. ಕಫ ಪರೀಕ್ಷಿಸುವ ಯಂತ್ರ ಸುಮಾರು ಎರಡು ಗಂಟೆಯಲ್ಲಿ ರಿಫಾಂಪಿಸಿನ್ ಕೆಲಸ ಮಾಡುತ್ತೋ ಇಲ್ಲವೋ ಎಂದು ಹೇಳಿಬಿಡುತ್ತದೆ. ಅಷ್ಟಕ್ಕೇ ನಿಲ್ಲಬಾರದು. ಫ್ಲೋರೋಕ್ವಿನೊಲೋನ್ ಎಂಬ ಗುಂಪಿನ ಔಷಧ ಕೆಲಸ ಮಾಡುತ್ತಾ ಎಂಬುದು ಗೊತ್ತಾಗಲೇಬೇಕು. ಮಾಕ್ಸಿಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಈ ಗುಂಪಿನವು. ಮೂತ್ರದ ಸೋಂಕಿಗೂ ಭೇದಿಗೂ ಜನ ಇದೇ ಗುಂಪಿನ ಮಾತ್ರೆ ನುಂಗಿ ನುಂಗಿ, ಎಷ್ಟೋ ಕಡೆ ಅದರ ಬಲ ಕುಗ್ಗಿದೆ. ಆ ವರದಿ ಕೈಗೆ ಬರುವ ತನಕ ಕೇಳುತ್ತಲೇ ಇರು, ಸಂಕೋಚಪಡಬೇಡ. ಕಲ್ಚರ್, ಅಂದರೆ ಕಫದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆಯ ವರದಿಗೆ ವಾರಗಟ್ಟಲೆ ಆಗುತ್ತೆ, ಅದಕ್ಕೆ ತಾಳ್ಮೆ ಬೇಕು. ಕಫ ಕೊಡುವಾಗ ಎಂಜಲು ಕೊಟ್ಟರೆ ಉಪಯೋಗವಿಲ್ಲ. ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಿ, ಆಳವಾಗಿ ಉಸಿರೆಳೆದು ಕೆಮ್ಮಿದಾಗ ಎದೆಯಿಂದ ಬರುವ ಗಟ್ಟಿ ಕಫವೇ ಬೇಕು.

ಔಷಧದ ವಿಷಯದಲ್ಲಿ ನಿನ್ನ ತಮ್ಮನ ಕಾಲ ಒಳ್ಳೆಯದು. ಕೆಲವೇ ವರ್ಷಗಳ ಹಿಂದೆ ಎಂಡಿಆರ್ ಅಂದರೆ ಒಂದೂವರೆಯಿಂದ ಎರಡು ವರ್ಷ ಚಿಕಿತ್ಸೆ, ಅದರಲ್ಲಿ ತಿಂಗಳುಗಟ್ಟಲೆ ಇಂಜೆಕ್ಷನ್. ಆ ಇಂಜೆಕ್ಷನ್‌ನಿಂದ ಕಿವಿ ಕೇಳುವುದನ್ನೇ ಕಳೆದುಕೊಂಡವರು ಎಷ್ಟೋ ಜನ. 2022ರ ಡಿಸೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ತಿಂಗಳ, ಬರೀ ಮಾತ್ರೆಗಳ ಚಿಕಿತ್ಸೆಗೆ ಶಿಫಾರಸು ಮಾಡಿತು. ಬೆಡಾಕ್ವಿಲಿನ್, ಪ್ರೆಟೋಮನಿಡ್, ಲಿನೆಜೋಲಿಡ್, ಮಾಕ್ಸಿಫ್ಲಾಕ್ಸಸಿನ್, ಈ ನಾಲ್ಕು. ಬೆಲಾರೂಸ್, ಉಜ್ಬೇಕಿಸ್ತಾನ್, ದಕ್ಷಿಣ ಆಫ್ರಿಕಾಗಳಲ್ಲಿ ನಡೆದ ಟಿಬಿ-ಪ್ರಾಕ್ಟಿಕಲ್ ಎಂಬ ಅಧ್ಯಯನದಲ್ಲಿ ಇದನ್ನು ತೆಗೆದುಕೊಂಡವರಲ್ಲಿ ಶೇ. 89 ಜನರಿಗೆ ಒಳ್ಳೆಯ ಫಲ ಸಿಕ್ಕಿತು, ಹಳೆಯ ಚಿಕಿತ್ಸೆಯವರಲ್ಲಿ ಶೇ. 52 ಜನರಿಗೆ ಮಾತ್ರ. ಆ ಹಳೆಯ ಗುಂಪಿನಲ್ಲಿ ಸೋತವರಲ್ಲಿ ಹೆಚ್ಚಿನವರು ತೀರಿಕೊಂಡವರಲ್ಲ, ಚಿಕಿತ್ಸೆ ಮಧ್ಯದಲ್ಲೇ ನಿಂತವರು. ಫ್ಲೋರೋಕ್ವಿನೊಲೋನ್ ಕೆಲಸ ಮಾಡದಿದ್ದರೆ ಮಾಕ್ಸಿಯನ್ನು ಬಿಟ್ಟು ಉಳಿದ ಮೂರನ್ನು ಕೊಡುತ್ತಾರೆ, ಬೇಕಾದರೆ ಒಂಬತ್ತು ತಿಂಗಳವರೆಗೂ ಎಳೆಯುತ್ತಾರೆ. ವರದಿಗಾಗಿ ನಾನು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಇಡೀ ಜಗತ್ತಿನ ಲೆಕ್ಕ ಇನ್ನೂ ಅಷ್ಟು ಚೆನ್ನಾಗಿಲ್ಲ. 2021ರಲ್ಲಿ ಚಿಕಿತ್ಸೆ ಶುರು ಮಾಡಿದ ಇಂಥ ರೋಗಿಗಳಲ್ಲಿ ಯಶಸ್ಸು ಕಂಡವರು ಶೇ. 68. ಅವರಲ್ಲಿ ಹೆಚ್ಚಿನವರು ಹಳೆಯ ಉದ್ದದ ಚಿಕಿತ್ಸೆಯಲ್ಲಿದ್ದರು, ನಿಜ. ಆದರೂ ಬರೀ ಹೊಸ ಮಾತ್ರೆ ಬಂದ ಮಾತ್ರಕ್ಕೆ ಉಳಿದ ಅಂತರ ತಾನಾಗೇ ತುಂಬುತ್ತದೆ ಎಂದು ನಾನು ನಂಬುವುದಿಲ್ಲ. ಅಧ್ಯಯನದಲ್ಲಿರುವ ರೋಗಿಯ ಇಸಿಜಿ, ರಕ್ತ ಪರೀಕ್ಷೆ ತಪ್ಪುವುದಿಲ್ಲ, ಬರದಿದ್ದರೆ ಯಾರೋ ಫೋನ್ ಮಾಡಿ ವಿಚಾರಿಸುತ್ತಾರೆ. ಮನೆಯಲ್ಲಿರುವ ರೋಗಿಗೆ ಆ ಕೆಲಸ ಮಾಡುವವರು ಯಾರು? ನಿಮ್ಮ ಮನೆಯಲ್ಲಿ ಅದನ್ನು ನೀನೇ ಮಾಡಬೇಕು.

ಅಡ್ಡ ಪರಿಣಾಮಗಳ ಬಗ್ಗೆ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಚಿಕಿತ್ಸೆ ಕೈಜಾರುವುದು ಇಲ್ಲೇ. ಲಿನೆಜೋಲಿಡ್ ಬಲವಾದ ಮಾತ್ರೆ, ಆದರೆ ನರಗಳಿಗೆ, ಕಣ್ಣಿಗೆ, ರಕ್ತಕ್ಕೆ ಪೆಟ್ಟು ಕೊಡಬಲ್ಲದು. ಒಬ್ಬ ಹುಡುಗ ಪ್ರತಿ ಸಲ ಬಂದಾಗಲೂ "ಎಲ್ಲಾ ಆರಾಮ್" ಎನ್ನುತ್ತಿದ್ದ. ಒಂದು ದಿನ ಬಾಗಿಲಿನಿಂದ ಕುರ್ಚಿಯ ತನಕ ನಡೆದು ಬರುವಾಗ ಒಂದು ಚಪ್ಪಲಿ ಹೊಸ್ತಿಲ ಬಳಿಯೇ ಉಳಿದಿತ್ತು, ಅವನಿಗೆ ಅದು ಗೊತ್ತೇ ಆಗಿರಲಿಲ್ಲ. ಕಾಲು ಜೋಮು ಹಿಡಿದು ಎಷ್ಟೋ ವಾರವಾಗಿತ್ತಂತೆ. ಹೇಳಿದರೆ ಮಾತ್ರೆ ನಿಲ್ಲಿಸಿಬಿಡುತ್ತಾರೆ, ಆಮೇಲೆ ಗುಣವಾಗುವುದಿಲ್ಲ ಎಂಬ ಭಯ. ವೈದ್ಯರು ಆ ಮಾತ್ರೆಯ ಪ್ರಮಾಣ ಇಳಿಸಿದರು, ಚಿಕಿತ್ಸೆ ಮುಂದುವರಿಯಿತು. ಹಾಗಾಗಿ ತಮ್ಮನನ್ನು "ಆರಾಮಾ?" ಎಂದು ಕೇಳಬೇಡ. ಅಂಗಾಲಲ್ಲಿ ಉರಿ ಇದೆಯಾ, ಜುಮ್ ಅನ್ನುತ್ತಾ, ಕೆಂಪು ಬಣ್ಣ ಮೊದಲಿಗಿಂತ ಮಾಸಿದ ಹಾಗೆ ಕಾಣುತ್ತಾ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಾ ಎಂದು ಬಿಡಿಸಿ ಕೇಳು. ಬೆಡಾಕ್ವಿಲಿನ್ ಹೃದಯದ ಬಡಿತದ ಮೇಲೆ ಪರಿಣಾಮ ಬೀರಬಹುದು, ತಲೆ ಸುತ್ತಿದರೆ, ಎದೆ ಡವಡವ ಅಂದರೆ ತಕ್ಷಣ ಹೇಳಬೇಕು, ಇಸಿಜಿ ತಪ್ಪಿಸಬಾರದು.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಲಿನೆಜೋಲಿಡ್‌ನಿಂದ ರಕ್ತ ಕಡಿಮೆಯಾಯಿತು ಎಂದು ಯಾರೋ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದನ್ನು ಮಾಕ್ಸಿಫ್ಲಾಕ್ಸಸಿನ್ ಜೊತೆಗೇ ನುಂಗಿದರೆ ಮಾಕ್ಸಿ ಮೈಗೆ ಸರಿಯಾಗಿ ಹತ್ತುವುದೇ ಇಲ್ಲ. ಹೊಟ್ಟೆ ಉರಿಗೆ ಕುಡಿಯುವ ಆಂಟಾಸಿಡ್ ಕೂಡ ಹಾಗೇ. ನಡುವೆ ಕೆಲವು ಗಂಟೆಗಳ ಅಂತರ ಬೇಕು. ಮನಸ್ಸಿನ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಬೇಕು, ಕೆಲವು ಲಿನೆಜೋಲಿಡ್ ಜೊತೆ ಸೇರಬಾರದು.

ಕಷ್ಟವಾಗುತ್ತಿದೆ ಎಂದು ಒಂದು ಮಾತ್ರೆಯನ್ನು ಮಾತ್ರ ಬಿಟ್ಟು ಉಳಿದದ್ದನ್ನು ನುಂಗುವುದು, ಅಥವಾ ಕೆಮ್ಮು ನಿಂತಿತು ಅಂತ ಎಲ್ಲವನ್ನೂ ಬಿಡುವುದು, ಎರಡೂ ಕೆಟ್ಟದ್ದು. ಬೆಡಾಕ್ವಿಲಿನ್ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಮೈಯಲ್ಲಿ ಸ್ವಲ್ಪ ಸ್ವಲ್ಪ ಉಳಿದಿರುತ್ತದೆ. ಜೊತೆಗಿದ್ದ ಔಷಧಗಳೆಲ್ಲ ಹೊರಟುಹೋದ ಮೇಲೆ ಅದೊಂದೇ ಉಳಿದರೆ, ಬದುಕಿರುವ ರೋಗಾಣು ಅದಕ್ಕೂ ಒಗ್ಗಿಕೊಳ್ಳುತ್ತದೆ. ಆಮೇಲೆ ಇರುವ ದಾರಿಗಳು ಬಹಳ ಕಡಿಮೆ.

ತೂಕದ ಕಡೆ ಕಣ್ಣಿಡು. ಸೊರಗಿದ ದೇಹದಲ್ಲಿ ಈ ಚಿಕಿತ್ಸೆ ಸೋಲುವ ಸಂಭವ ಜಾಸ್ತಿ. ಜಾರ್ಖಂಡ್‌ನ ಟಿಬಿ ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ತಿಂಗಳಲ್ಲಿ ತೂಕ ಶೇ. 5ರಷ್ಟು ಏರಿದವರಲ್ಲಿ ಸಾವಿನ ಅಪಾಯ ಶೇ. 61ರಷ್ಟು ಕಡಿಮೆ ಕಂಡುಬಂತು. ಔಷಧದಷ್ಟೇ ಊಟವೂ ಮುಖ್ಯ ಅಂತ ನಾನು ಎಲ್ಲರ ಹತ್ತಿರವೂ ವಾದ ಮಾಡುವುದು ಇದಕ್ಕೇ. ಬೆಡಾಕ್ವಿಲಿನ್, ಪ್ರೆಟೋಮನಿಡ್ ಎರಡನ್ನೂ ಊಟದ ಜೊತೆಗೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಲ್ಲ. ಸಕ್ಕರೆ ಕಾಯಿಲೆ ಇದೆಯಾ ಎಂದು ಪರೀಕ್ಷೆ ಮಾಡಿಸಿ, ಎಚ್‌ಐವಿ ಪರೀಕ್ಷೆಯನ್ನೂ. ಇದ್ದರೆ ಅದಕ್ಕೂ ಸರಿಯಾಗಿ ಚಿಕಿತ್ಸೆ ನಡೆಯಬೇಕು, ಇಲ್ಲದಿದ್ದರೆ ಇದೂ ಎಡವುತ್ತದೆ. ಸಿಗರೇಟು, ಕುಡಿತ ಬೇಡ. ಅದನ್ನು ಉದ್ದಕ್ಕೆ ವಿವರಿಸಬೇಕಿಲ್ಲ ಅಲ್ವಾ.

ಪೆರು ದೇಶದ ಲಿಮಾ ನಗರದ ಬಡ ಬಡಾವಣೆಗಳಲ್ಲಿ 1996ರಿಂದ ನಡೆದ ಕೆಲಸ ನನಗೆ ಯಾವಾಗಲೂ ನೆನಪಾಗುತ್ತದೆ. ಆಗ ಬಡ ದೇಶಗಳಲ್ಲಿ ಎಂಡಿಆರ್‌ಗೆ ಚಿಕಿತ್ಸೆ ಕೊಡುವುದೇ ದಂಡ ಎಂದು ವಾದಿಸುವವರಿದ್ದರು. ಅಲ್ಲಿ ಪಾರ್ಟ್ನರ್ಸ್ ಇನ್ ಹೆಲ್ತ್ ಸಂಸ್ಥೆ ಅದೇ ಬಡಾವಣೆಯ ಜನರನ್ನು ಆರೋಗ್ಯ ಕಾರ್ಯಕರ್ತರಾಗಿ ತಯಾರು ಮಾಡಿತು. ಅವರು ರೋಗಿಯ ಮನೆಗೇ ಹೋಗಿ ಮಾತ್ರೆ ಕೊಟ್ಟರು, ತೊಂದರೆ ಕೇಳಿದರು. ಈಗಿನ ಹೊಸ ಔಷಧಗಳು ಒಂದೂ ಇಲ್ಲದ ಕಾಲ ಅದು. ನಾಲ್ಕು ತಿಂಗಳಾದರೂ ಚಿಕಿತ್ಸೆ ಮುಂದುವರಿಸಿದವರಲ್ಲಿ ಶೇ. 83 ಜನ ಗುಣವಾದರು. ಮನೆ ಬಾಗಿಲಿಗೆ ಬಂದು ಹೇಗಿದ್ದೀಯ ಎಂದು ಕೇಳುವ ಒಬ್ಬ ಮನುಷ್ಯನ ಬೆಲೆ ಎಷ್ಟು ಅಂತ ನನಗೆ ಇದಕ್ಕಿಂತ ಚೆನ್ನಾಗಿ ತೋರಿಸಿದ್ದು ಬೇರೆ ಇಲ್ಲ.

ಅವನ ತಟ್ಟೆ ಲೋಟ ಬೇರೆ ಮಾಡಬೇಡಿ, ಇದು ಪಾತ್ರೆಯಿಂದ ಹರಡುವುದಿಲ್ಲ. ಕಿಟಕಿ ತೆಗೆದಿಡಿ, ಮೊದಲ ದಿನಗಳಲ್ಲಿ ಅವನು ಮಾಸ್ಕ್ ಹಾಕಿಕೊಳ್ಳಲಿ. ನೀನೂ ಮನೆಯವರೂ ತಪ್ಪದೇ ಪರೀಕ್ಷೆ ಮಾಡಿಸಿಕೊಳ್ಳಿ, ಮಕ್ಕಳನ್ನು ಮೊದಲು ಕರೆದುಕೊಂಡು ಹೋಗಿ.

ಮುಂದಿನ ಭೇಟಿಗೆ ಅವನ ಜೊತೆ ನೀನೂ ಹೋಗು. ಫ್ಲೋರೋಕ್ವಿನೊಲೋನ್ ವರದಿ, ಮೊದಲ ಇಸಿಜಿ, ರಕ್ತ ಪರೀಕ್ಷೆಯ ಫಲಿತಾಂಶ, ಇವತ್ತಿನ ತೂಕ, ನಾಲ್ಕನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಬಾ. ಫೋಟೊ ತೆಗೆದು ನನಗೂ ಕಳಿಸು. ರಾತ್ರಿ ಎಷ್ಟೊತ್ತಾದರೂ ಪರವಾಗಿಲ್ಲ, ಫೋನ್ ಮಾಡು. ತಮ್ಮ ಮಾತಾಡುವ ಮನಸ್ಸು ಮಾಡಿದರೆ ಅವನ ಕೈಗೇ ಫೋನ್ ಕೊಡು.

ನಿನ್ನ ಗೆಳೆಯ