ಕಲ್ಲಿನ ಧೂಳು, ಜೀವಕೋಶದ ಸಂಕೇತ: ಮಗಳಿಗೊಂದು ಪತ್ರ

ಕೊಪ್ಪಳ

ಚಿರಂಜೀವಿ ಮಗಳಿಗೆ ನಿನ್ನ ಕಾಕಾ ಮಾಡುವ ಆಶೀರ್ವಾದಗಳು.

ಇತ್ತ ನಾವೆಲ್ಲರೂ ಕ್ಷೇಮ. ನಿನ್ನ ಅವ್ವನ ಮೊಣಕಾಲು ನೋವು ಮೊದಲಿನಷ್ಟಿಲ್ಲ. ಪಿಎಚ್‌ಡಿಗೆ ಉರಿಯೂತವನ್ನೂ ಜೀವಕೋಶಗಳ ಸಂಕೇತ ವ್ಯವಸ್ಥೆಯನ್ನೂ ವಿಷಯವಾಗಿ ಆರಿಸಿಕೊಂಡಿದ್ದೇನೆ, ಕಲ್ಲಿನಲ್ಲಿರುವ ಸಿಲಿಕಾ ಎಂಬ ಖನಿಜದ ಧೂಳಿನಿಂದಲೇ ಕೆಲಸ ಶುರು ಮಾಡುತ್ತೇನೆ ಎಂದು ನೀನು ತಿಳಿಸಿದ ದಿನದಿಂದ ನಿನಗೊಂದು ಪತ್ರ ಬರೆಯಬೇಕೆಂದು ಅನ್ನಿಸುತ್ತಲೇ ಇತ್ತು. ಆ ಧೂಳನ್ನು ಏಕೆ ಆರಿಸಿಕೊಂಡೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕುಷ್ಟಗಿ ಕಡೆಯ ಕಲ್ಲಿನ ಕ್ವಾರಿಗಳಲ್ಲಿ ಹದಿನೆಂಟು ವರ್ಷ ಡ್ರಿಲ್ ಹಿಡಿದ ಅಪ್ಪನ ಮಗಳು ಬೇರೆ ಯಾವುದನ್ನು ಆರಿಸಿಕೊಂಡಾಳು?

ಹೋದ ಸಲ ಬಂದಾಗ ನೀನು ಎರಡು ದಿನ ಪಡಸಾಲೆಯಲ್ಲಿ ಕೂತು ಚಿತ್ರ ಬರೆದು ವಿವರಿಸಿದ್ದನ್ನು ನಾನು ಆಮೇಲೆ ಓದಿಕೊಂಡು ಗಟ್ಟಿ ಮಾಡಿಕೊಂಡಿದ್ದೇನೆ. ನಾನು ತಿಳಿದದ್ದು ಹೀಗೆ. ಕಲ್ಲು ಕೊರೆಯುವಾಗ ಏಳುವ ಧೂಳಿನಲ್ಲಿ ಕಣ್ಣಿಗೆ ಕಾಣುವ ದೊಡ್ಡ ಕಣಗಳು ಮೂಗು, ಗಂಟಲಲ್ಲಿಯೇ ನಿಲ್ಲುತ್ತವೆ. ಐದು ಮೈಕ್ರೋಮೀಟರಿಗಿಂತ ಸಣ್ಣವು ಶ್ವಾಸಕೋಶದ ಕೊನೆಯ ಗಾಳಿಚೀಲಗಳವರೆಗೆ ಇಳಿಯುತ್ತವೆ. ಅಲ್ಲಿ ಕಾವಲಿರುವ ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶವು ಕಣವನ್ನು ರೋಗಾಣುವೆಂದೇ ಬಗೆದು ನುಂಗುತ್ತದೆ. ರೋಗಾಣುವಾಗಿದ್ದರೆ ಕೋಶದೊಳಗಿನ ಲೈಸೋಸೋಮ್ ಎಂಬ ಜೀರ್ಣಚೀಲ ಅದನ್ನು ಕರಗಿಸಿಬಿಡುತ್ತಿತ್ತು. ಕಲ್ಲು ಕರಗುವುದಿಲ್ಲ, ಬದಲಿಗೆ ಲೈಸೋಸೋಮ್ ಒಡೆಯುತ್ತದೆ. ಆ ಒಡೆತದ ಸುಳಿವು ಸಿಕ್ಕಿ ಎನ್‌ಎಲ್‌ಆರ್‌ಪಿ3 ಇನ್‌ಫ್ಲಮಸೋಮ್ ಎಂಬ ಪ್ರೋಟೀನುಗಳ ಕೂಟ ಜೋಡಣೆಗೊಳ್ಳುತ್ತದೆ, ಅದು ಕ್ಯಾಸ್ಪೇಸ್-1 ಎಂಬ ಕಿಣ್ವವನ್ನು ಎಬ್ಬಿಸುತ್ತದೆ, ಆ ಕಿಣ್ವ ಇಂಟರ್‌ಲ್ಯೂಕಿನ್-1 ಬೀಟಾದ ಅಪಕ್ವ ರೂಪವನ್ನು ಕತ್ತರಿಸಿ ಕೆಲಸಕ್ಕೆ ಸಿದ್ಧವಾದ ಸಂಕೇತವನ್ನಾಗಿ ಹೊರಗೆ ಬಿಡುತ್ತದೆ. ಭಕ್ಷಕ ಕೋಶ ಸಾಯುತ್ತದೆ, ಕಣ ಮಾತ್ರ ಹಾಗೇ ಉಳಿಯುತ್ತದೆ. ಅದನ್ನು ಇನ್ನೊಂದು ಕೋಶ ನುಂಗುತ್ತದೆ. ಕ್ವಾರಿ ಬಿಟ್ಟು ಮನೆ ಸೇರಿದ ಮೇಲೂ ನಿನ್ನ ಅಪ್ಪನ ಎದೆಯೊಳಗಿನ ಬೇನೆ ಏಕೆ ನಿಲ್ಲಲಿಲ್ಲ ಎಂಬುದು ಇಷ್ಟು ವರ್ಷಗಳ ನಂತರ, ನಿನ್ನ ಆ ಚಿತ್ರದಿಂದ ನನಗೆ ಅರ್ಥವಾಯಿತು. ‘ಧೂಳು ಕುಡದು ಕುಡದು ಎದಿ ಕಲ್ಲಾಗೇತಿ’ ಎಂದು ಅಣ್ಣ ಹೇಳುತ್ತಿದ್ದ. ಅದು ಬರೀ ಮಾತಾಗಿರಲಿಲ್ಲ.

ಇನ್‌ಫ್ಲಮಸೋಮ್ ಎಂಬುದನ್ನು ಯುರ್ಗ್ ಟ್ಶಾಪ್ ಅವರ ತಂಡ ಗುರುತಿಸಿ ಹೆಸರಿಟ್ಟದ್ದು 2002ರಲ್ಲಿ. ಸಿಲಿಕಾ ಹರಳುಗಳು ಅದನ್ನು ಎಬ್ಬಿಸುತ್ತವೆ ಎಂದು ತಿಳಿದದ್ದು 2008ರಲ್ಲಿ. ಅಷ್ಟು ಹೊತ್ತಿಗೆ ಅಣ್ಣ ತೀರಿಹೋಗಿದ್ದ.

ಈಗ ನಾನು ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ಮೂವತ್ತನಾಲ್ಕು ವರ್ಷ ನಾನು ಆಸ್ಪತ್ರೆಗಳ ಪ್ರಯೋಗಾಲಯದಲ್ಲಿ ಟೆಕ್ನಿಷಿಯನ್ ಆಗಿ ದುಡಿದೆ. ನಿನ್ನ ಹಾಗೆ ಕೋಶದೊಳಗೆ ಇಣುಕಲು ನನ್ನಲ್ಲಿ ಸಾಧನವಿರಲಿಲ್ಲ. ಉರಿಯೂತವನ್ನು ಅಳೆಯಲು ನನಗಿದ್ದದ್ದು ಒಂದು ಗಾಜಿನ ಕೊಳವೆ. ಅದೇ ಇಎಸ್‌ಆರ್, ಅಂದರೆ ಕೆಂಪು ರಕ್ತಕಣಗಳು ಕೆಳಗಿಳಿಯುವ ವೇಗದ ಅಳತೆ. ಫೊರೇಯಸ್ 1918ರಲ್ಲಿ ಬರೆದು, ವೆಸ್ಟರ್‌ಗ್ರೆನ್ 1921ರಲ್ಲಿ ಒಂದು ಕ್ರಮಕ್ಕೆ ತಂದ ಪರೀಕ್ಷೆ ಅದು. ನಾಲ್ಕು ಭಾಗ ರಕ್ತಕ್ಕೆ ಹೆಪ್ಪುಗಟ್ಟದಂತೆ ಒಂದು ಭಾಗ ಸಿಟ್ರೇಟ್ ಬೆರೆಸಿ, 200 ಮಿಲಿಮೀಟರ್ ಗುರುತಿನ ಕೊಳವೆಯಲ್ಲಿ ತುಂಬಿ, ಸ್ಟ್ಯಾಂಡಿಗೆ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯ ಬಳಿಕ ಕೆಂಪು ಎಷ್ಟು ಕೆಳಗಿಳಿದಿದೆ ಎಂದು ನೋಡಿ ಬರೆಯಬೇಕು. ಉರಿಯೂತವಿದ್ದಾಗ ಇಂಟರ್‌ಲ್ಯೂಕಿನ್-6 ಯಕೃತ್ತಿಗೆ ಸುದ್ದಿ ಮುಟ್ಟಿಸುತ್ತದೆ, ಯಕೃತ್ತು ಫೈಬ್ರಿನೋಜೆನ್ ಎಂಬ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ, ಅದರಿಂದ ಕೆಂಪು ರಕ್ತಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಒಂದಕ್ಕೊಂದು ಅಂಟಿಕೊಂಡು ಬೇಗ ಇಳಿಯುತ್ತವೆ. ನೀನು ಓದುತ್ತಿರುವ ಸಂಕೇತವನ್ನೇ ನಾನು ಅಷ್ಟು ದೂರದಿಂದ, ಹೆಸರು ಗೊತ್ತಿಲ್ಲದೆ, ದಿನಕ್ಕೆ ಇಪ್ಪತ್ತು ಮೂವತ್ತು ಸಲ ಅಳೆಯುತ್ತಿದ್ದೆ.

ನೌಕರಿಯ ಮೊದಲ ವರ್ಷಗಳಲ್ಲಿ ರಾಯಚೂರು ಜಿಲ್ಲೆಯಲ್ಲಿದ್ದಾಗ ಒಂದು ಸಂಗತಿ ಕಂಡೆ. ಏಪ್ರಿಲ್, ಮೇ ತಿಂಗಳು ಬಂತೆಂದರೆ ಬರುವ ರೋಗಿಗಳೆಲ್ಲರ ಇಎಸ್‌ಆರ್ ಏರುತ್ತಿತ್ತು. ಬೇಸಿಗೆಯ ಜ್ವರ, ನೀರಿನ ದೋಷ ಎಂದು ನಾವೆಲ್ಲ ಮಾತಾಡಿಕೊಳ್ಳುತ್ತಿದ್ದೆವು. ಒಂದು ದಿನ ಮಧ್ಯಾಹ್ನ ನನ್ನದೇ ರಕ್ತ ತೆಗೆದು, ಒಂದು ಕೊಳವೆಯನ್ನು ಪಶ್ಚಿಮದ ಕಿಟಕಿಯ ಬಳಿ ಎಂದಿನ ಜಾಗದಲ್ಲಿಟ್ಟೆ, ಇನ್ನೊಂದನ್ನು ಒಳಕೋಣೆಯ ತಂಪಿನಲ್ಲಿಟ್ಟೆ. ಗಂಟೆಯ ನಂತರ ಎರಡೂ ಬೇರೆ ಬೇರೆ ಅಂಕಿ ತೋರಿಸಿದವು. ಒಂದೇ ಮೈಯ ರಕ್ತ, ಒಂದೇ ಸೂಜಿ, ಒಂದೇ ಗಳಿಗೆ. ಪುಸ್ತಕ ತೆಗೆದು ನೋಡಿದರೆ ಪರೀಕ್ಷೆಯನ್ನು 20ರಿಂದ 25 ಡಿಗ್ರಿ ಶಾಖದಲ್ಲಿ ಮಾಡಬೇಕು, ಕೋಣೆ ಕಾದಿದ್ದರೆ ಅಂಕಿ ಏರುತ್ತದೆ, ಕೊಳವೆ ಮೂರು ಡಿಗ್ರಿ ವಾಲಿದರೂ ಶೇಕಡಾ 30ರವರೆಗೆ ಹೆಚ್ಚು ತೋರಬಹುದು ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. ನಾನು ಓದಿ ಪಾಸಾದ ಪುಸ್ತಕವೇ ಅದು. ರಾಯಚೂರಿನ ಬಿಸಿಲು 42 ಡಿಗ್ರಿ ಮುಟ್ಟುವ ದಿನಗಳಲ್ಲಿ ನಾನು ರೋಗಿಯ ಮೈಯೊಳಗಿನ ಉರಿಯ ಜೊತೆಗೆ ನಮ್ಮ ಕಿಟಕಿಯ ಬಿಸಿಲನ್ನೂ ಅಳೆದು ರೋಗಿಯ ಲೆಕ್ಕಕ್ಕೇ ಬರೆಯುತ್ತಿದ್ದೆ. ಅಂದಿನಿಂದ ಸ್ಟ್ಯಾಂಡು ಒಳಕೋಣೆಗೆ ಹೋಯಿತು.

ನಿನ್ನ ಅಪ್ಪನ ವಿಷಯದಲ್ಲಿ ನನ್ನಿಂದ ಆದ ತಪ್ಪನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ. ಕೆಮ್ಮು, ಮೈ ಸೊರಗುವುದು, ಸಂಜೆಯ ಹೊತ್ತು ಮೈ ಬೆಚ್ಚಗಾಗುವುದು ಎಂದು ಅಣ್ಣನನ್ನು ಕರೆತಂದಾಗ ಅವನ ಇಎಸ್‌ಆರ್ ಮಾಡಿದವನು ನಾನೇ. ಅಂಕಿ ಬಹಳ ಏರಿತ್ತು. ಕಫವನ್ನು ಮೂರು ಸಲ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕ್ಷಯದ ಒಂದು ರೋಗಾಣುವೂ ಕಾಣಲಿಲ್ಲ, ‘ಕಂಡುಬಂದಿಲ್ಲ’ ಎಂದೇ ಬರೆದೆ. ಆದರೂ ಏರಿದ ಅಂಕಿಯನ್ನೂ ಎಕ್ಸ್‌ರೇಯಲ್ಲಿದ್ದ ಕಲೆಗಳನ್ನೂ ಒಟ್ಟಿಗಿಟ್ಟು ಕ್ಷಯವೆಂದೇ ತೀರ್ಮಾನವಾಯಿತು. ಮಾತ್ರೆಗಳು ಮುಗಿದವು, ಕೆಮ್ಮು ಮುಗಿಯಲಿಲ್ಲ, ಮತ್ತೆ ಮಾತ್ರೆಗಳು ಶುರುವಾದವು. ನಡುವೆ ತುಸು ಸುಧಾರಿಸಿದಂತೆ ಕಂಡಾಗ ಅವನು ಮತ್ತೆ ಕ್ವಾರಿಗೆ ಹೋದ. ಡ್ರಿಲ್ ಹಿಡಿಯುವವನ ಎದೆ ಇದು ಎಂದು ಅಂದು ವೈದ್ಯರಿಗೆ ಹೇಳಬೇಕಾದವನು ನಾನು, ಹೇಳಲಿಲ್ಲ. ಅಂಕಿ ಸಾಕ್ಷಿ ಹೇಳುತ್ತಿರುವಾಗ ನನ್ನ ಮಾತೇಕೆ ಎಂದುಕೊಂಡೆ. ಅಂಕಿ ಹೇಳಿದ್ದು ಉರಿ ಇದೆ ಎಂಬುದನ್ನು ಮಾತ್ರ. ಯಾವುದರ ಉರಿ, ಎಲ್ಲಿಯ ಉರಿ ಎಂದು ಹೇಳುವ ಶಕ್ತಿ ಆ ಕೊಳವೆಗೆ ಇರಲಿಲ್ಲ. ಸಿಲಿಕಾ ಹೊಕ್ಕ ಎದೆಗೆ ಕ್ಷಯವೂ ಸುಲಭವಾಗಿ ತಗಲುತ್ತದೆ ಎಂಬುದು ನಿಜ, ವೈದ್ಯರನ್ನು ನಾನು ದೂರುವುದಿಲ್ಲ. ಆದರೆ ಎರಡರ ನಡುವಿನ ವ್ಯತ್ಯಾಸ ತಿಳಿಯಲು ಬೇಕಾಗಿದ್ದ ಒಂದು ಮಾತು ನನ್ನ ಬಾಯಲ್ಲಿತ್ತು.

ಮಗಳೇ, ಇದನ್ನು ನಿನ್ನ ಕೆಲಸದ ಸಲುವಾಗಿಯೇ ಬರೆದೆ. ಕೋಶ ಬೆಳೆಸುವ ನಿನ್ನ ತಟ್ಟೆಯಲ್ಲಿ ಇಂಟರ್‌ಲ್ಯೂಕಿನ್ ಏರಿದಾಗ, ಅದು ಕಲ್ಲಿನ ಕಣಕ್ಕೆ ಕೋಶ ಕೊಟ್ಟ ಉತ್ತರವೋ, ನಿನ್ನ ಕೈ, ನಿನ್ನ ನೀರು, ನಿನ್ನ ಕೋಣೆ ಎಬ್ಬಿಸಿದ ಉತ್ತರವೋ ಎಂಬುದನ್ನು ಬಿಡಿಸಿ ನೋಡದೆ ಮುಂದಿನ ಹೆಜ್ಜೆ ಇಡಬೇಡ. ನಿನ್ನ ವಿಷಯದಲ್ಲಿ ಈ ಅಪಾಯ ಬಹಳ ದೊಡ್ಡದು, ಏಕೆಂದರೆ ಮ್ಯಾಕ್ರೋಫೇಜ್‌ನಷ್ಟು ಬೇಗ ಕೆರಳುವ ಕೋಶಗಳು ಕಡಿಮೆ. ಬ್ಯಾಕ್ಟೀರಿಯಾದ ಹೊರಪದರದ ಎಂಡೋಟಾಕ್ಸಿನ್ ಕಣ್ಣಿಗೆ ಕಾಣದಷ್ಟು ಇದ್ದರೂ ಸಾಕು, ಅದು ಟಿಎಲ್‌ಆರ್‌4 ಎಂಬ ಗ್ರಾಹಕಕ್ಕೆ ಅಂಟಿ, ಉರಿಯೂತದ ಜೀನುಗಳನ್ನು ಎಬ್ಬಿಸುವ ಎನ್‌ಎಫ್ ಕಪ್ಪಾ ಬಿ ಎಂಬ ಪ್ರೋಟೀನನ್ನು ಎಬ್ಬಿಸಿಬಿಡುತ್ತದೆ. ಎಂಡೋಟಾಕ್ಸಿನ್ನಿನ ಗ್ರಾಹಕ ಅದೇ ಎಂದು 1998ರಲ್ಲಿ ಗುರುತಿಸಿದ್ದಕ್ಕಾಗಿ ಬ್ರೂಸ್ ಬಾಯ್ಟ್ಲರ್ ಅವರು 2011ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಆ ಗ್ರಾಹಕ ಗುರುತಾದ ಮುಂದಿನ ವರ್ಷಗಳಲ್ಲಿ ದೇಹದ ಎಷ್ಟೋ ಪ್ರೋಟೀನುಗಳು, ಮುಖ್ಯವಾಗಿ ಕೋಶಕ್ಕೆ ಶಾಖ ತಗಲಿದಾಗ ಹೆಚ್ಚುವ ಶಾಖಾಘಾತದ (ಹೀಟ್ ಶಾಕ್) ಪ್ರೋಟೀನುಗಳು, ಇದೇ ಗ್ರಾಹಕವನ್ನು ಎಬ್ಬಿಸುತ್ತವೆ ಎಂದು ಪ್ರಬಂಧಗಳ ಮೇಲೆ ಪ್ರಬಂಧಗಳು ಬಂದವು. ಆ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾದಲ್ಲಿ ಬೆಳೆಸಿ ತೆಗೆದಿದ್ದರು. ಚೊಕ್ಕಟವಾಗಿ ಶುದ್ಧೀಕರಿಸಿ ಮತ್ತೆ ಪರೀಕ್ಷಿಸಿದಾಗ ಅವುಗಳಲ್ಲಿ ಹಲವಕ್ಕೆ ಆ ಗುಣವೇ ಇರಲಿಲ್ಲ. ಕೋಶಗಳನ್ನು ಎಬ್ಬಿಸಿದ್ದು ಜೊತೆಗೆ ಬಂದ ಎಂಡೋಟಾಕ್ಸಿನ್. ಕಿಟಕಿಯ ಬಿಸಿಲನ್ನು ರೋಗಿಯ ಲೆಕ್ಕಕ್ಕೆ ಬರೆದ ನನ್ನಂಥದೇ ತಪ್ಪು ಅದು.

ಪ್ರೋಟೀನಾದರೆ ಕುದಿಸಿ ನೋಡು: ಕುದಿಸಿದರೆ ಪ್ರೋಟೀನು ಕೆಡುತ್ತದೆ, ಎಂಡೋಟಾಕ್ಸಿನ್ ಕೆಡುವುದಿಲ್ಲ. ಆದ್ದರಿಂದ ಕುದಿಸಿದ ಮಾದರಿಯೂ ಕೋಶವನ್ನು ಎಬ್ಬಿಸಿದರೆ ನಿನ್ನ ಸಂಭ್ರಮವನ್ನು ಅಲ್ಲಿಗೇ ನಿಲ್ಲಿಸು. ನಿನ್ನ ಕಲ್ಲಿನ ಪುಡಿಗೆ ಲೆಕ್ಕ ಬೇರೆ. ಆಟೋಕ್ಲೇವಿನ 121 ಡಿಗ್ರಿ ಆವಿ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆಯೇ ಹೊರತು ಅದರ ಎಂಡೋಟಾಕ್ಸಿನ್ನನ್ನು ಅಳಿಸಲಾರದು. ಅದಕ್ಕೆ 250 ಡಿಗ್ರಿ ಒಣ ಶಾಖ ಅರ್ಧ ಗಂಟೆಯಾದರೂ ಬೇಕು. ಇಷ್ಟಾದ ಮೇಲೂ ತಟ್ಟೆಗಳನ್ನು ನಾಲ್ಕು ಮಾಡು: ಏನೂ ಹಾಕದ್ದು, ಎಂಡೋಟಾಕ್ಸಿನ್ ಮಾತ್ರ ಹಾಕಿದ್ದು, ಸಿಲಿಕಾ ಮಾತ್ರ ಹಾಕಿದ್ದು, ಎರಡನ್ನೂ ಹಾಕಿದ್ದು. ಇಂಟರ್‌ಲ್ಯೂಕಿನ್-1 ಬೀಟಾ ಹೊರಬೀಳಲು ಎರಡು ಅಪ್ಪಣೆ ಬೇಕು ಎಂದು ನೀನೇ ಹೇಳಿದ್ದೆ. ಮೊದಲನೆಯದು ಎನ್‌ಎಫ್ ಕಪ್ಪಾ ಬಿ ಮೂಲಕ ಕಚ್ಚಾ ಮಾಲು ತಯಾರಿಸುವುದು, ಎರಡನೆಯದು ಇನ್‌ಫ್ಲಮಸೋಮ್ ಅದನ್ನು ಕತ್ತರಿಸುವುದು. ಸಿಲಿಕಾ ಮಾತ್ರ ಇರುವ ಮೂರನೆಯ ತಟ್ಟೆ ತಾನೇ ತಾನಾಗಿ ಜೋರಾಗಿ ಉತ್ತರಿಸಿದರೆ ಹಿಗ್ಗಬೇಡ, ಮೊದಲ ಅಪ್ಪಣೆ ಎಲ್ಲಿಂದ ಬಂತು ಎಂದು ಹುಡುಕು. ಕಂಟ್ರೋಲ್ ತಟ್ಟೆಗಳಿಗೆ ಹಣ ದಂಡ ಎಂದು ಯಾರಾದರೂ ಅಂದರೆ, ನನ್ನ ಮಟ್ಟಿಗೆ ಆ ತಟ್ಟೆಗಳೇ ಪ್ರಯೋಗ.

ಹೊತ್ತಿನ ವಿಷಯವೂ ಹಾಗೆಯೇ. ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ 1986ರಲ್ಲಿ ಕಂಡ ಆ ಎನ್‌ಎಫ್ ಕಪ್ಪಾ ಬಿಯನ್ನು ಕೋಶ ಸುಮ್ಮನಿರುವಾಗ ಐ ಕಪ್ಪಾ ಬಿ ಎಂಬ ಪ್ರೋಟೀನು ಹಿಡಿದಿಟ್ಟಿರುತ್ತದೆ. ಟಿಎನ್‌ಎಫ್ ಎಂಬ ಉರಿಯೂತದ ಸಂಕೇತ ತಗಲಿದರೆ ಕಾಲು ಗಂಟೆ, ಅರ್ಧ ಗಂಟೆಯೊಳಗೆ ಹಿಡಿದಿಟ್ಟಿದ್ದ ಆ ಪ್ರೋಟೀನು ಕರಗಿಹೋಗುತ್ತದೆ. ಬಿಡುಗಡೆಯಾದ ಎನ್‌ಎಫ್ ಕಪ್ಪಾ ಬಿ ಕೋಶಕೇಂದ್ರಕ್ಕೆ ಹೋಗಿ ಅನೇಕ ಜೀನುಗಳ ಜೊತೆಗೆ ತನ್ನನ್ನು ಹಿಡಿದಿಡುವ ಪ್ರೋಟೀನಿನ ಜೀನನ್ನೂ ಎಬ್ಬಿಸುತ್ತದೆ, ಗಂಟೆಯೊಂದರ ಸುಮಾರಿಗೆ ಅದು ಮತ್ತೆ ತುಂಬಿಕೊಳ್ಳುತ್ತದೆ. ಹಾಗಾಗಿ ಪ್ರೋಟೀನುಗಳನ್ನು ಪಟ್ಟಿಗಳಾಗಿ ತೋರಿಸುವ ವೆಸ್ಟರ್ನ್ ಬ್ಲಾಟನ್ನು ಒಂದೇ ಗಳಿಗೆಯಲ್ಲಿ ತೆಗೆದು ನೋಡಿ ಏನೂ ಆಗಿಲ್ಲ ಎನ್ನಬೇಡ, ಎಲ್ಲ ಆಗಿದೆ ಎಂದೂ ಅನ್ನಬೇಡ.

ಅರಿಶಿಣ ಉರಿಯೂತವನ್ನು ಇಳಿಸುತ್ತದೆಯೇ ಎಂದು ಊರವರು ನಿನ್ನನ್ನು ಕೇಳುತ್ತಾರೆ, ನಿನ್ನ ಕಾಕಿಯೂ ಕೇಳಿದ್ದಾಳೆ. ಅದರ ಹಳದಿ ಸತ್ವವಾದ ಕರ್ಕ್ಯುಮಿನ್ ತಾನೇ ಬೆಳಕು ಸೂಸುತ್ತದೆ, ದ್ರಾವಣದಲ್ಲಿ ಬೇಗ ಒಡೆಯುತ್ತದೆ, ಕಂಡಕಂಡ ಪ್ರೋಟೀನುಗಳಿಗೆ ಅಂಟಿಕೊಂಡು ಅಳತೆಗಳನ್ನೇ ಕೆಡಿಸುತ್ತದೆ ಎಂದು ಓದಿದೆ. ಅಡುಗೆಮನೆಯ ಮೇಲಿನ ಪ್ರೀತಿಯಿಂದ ಅದಕ್ಕೆ ರಿಯಾಯಿತಿ ಕೊಡಬೇಡ.

ನಿನ್ನ ಗೈಡ್ ಅವರಿಗೆ ಫಲಿತಾಂಶ ಬೇಗ ಬೇಕಾಗಬಹುದು, ಜೊತೆಯವರ ಪ್ರಬಂಧ ಮೊದಲು ಅಚ್ಚಾಗಬಹುದು. ಅಂಥ ದಿನ ಬ್ಲಾಟಿನ ಚಿತ್ರದಲ್ಲಿ ಮಸುಕಾದ ಪಟ್ಟಿಯೊಂದನ್ನು ಗಾಢ ಮಾಡುವ, ಬೇಡದ್ದನ್ನು ಕತ್ತರಿಸುವ ಮನಸ್ಸಾದರೆ, ಅಣ್ಣನ ಕಫದ ಸ್ಲೈಡನ್ನು ನೆನೆ. ಅದರಲ್ಲಿ ಇಲ್ಲದ್ದನ್ನು ನಾನು ಬರೆಯಲಿಲ್ಲ. ನನ್ನ ನೌಕರಿಯಲ್ಲಿ ಇವತ್ತಿಗೂ ನೆಮ್ಮದಿ ಕೊಡುವ ಒಂದು ಸಾಲು ಅದು. ಪ್ರಯೋಗದ ನೋಟ್‌ಬುಕ್ಕಿನಲ್ಲಿ ಕೋಣೆಯ ಶಾಖ, ಸೀರಮ್ಮಿನ ಬ್ಯಾಚು, ಕೋಶಗಳನ್ನು ಎಷ್ಟನೆಯ ಸಲ ಬೆಳೆಸಿದ್ದು, ಯಾವ ಹೊತ್ತಿಗೆ ತೆಗೆದದ್ದು ಎಲ್ಲವನ್ನೂ ಅದೇ ದಿನ ಬರೆ. ಮರುದಿನ ನೆನಪಿನಿಂದ ಬರೆದದ್ದನ್ನು ನಂಬಬೇಡ. ಊಟ ನಿದ್ದೆ ಬಿಟ್ಟು ಮೈಕ್ರೋಸ್ಕೋಪಿನ ಮುಂದೆ ಕೂರಬೇಡ, ದಣಿದ ಕಣ್ಣು ಬಯಸಿದ್ದನ್ನೇ ಕಾಣುತ್ತದೆ.

ಜನವರಿಯಲ್ಲಿ ಗವಿಮಠದ ಜಾತ್ರೆಗೆ ಬರುತ್ತೇನೆ ಎಂದಿದ್ದೀಯಲ್ಲ. ಬರುವಾಗ ನಿನ್ನ ಮೊದಲ ಫಲಿತಾಂಶದ ಹಾಳೆಗಳನ್ನು ತಾ, ಆ ಮೂರನೆಯ ತಟ್ಟೆಯದನ್ನು ಮರೆಯದೆ ತಾ. ಪಡಸಾಲೆಯಲ್ಲಿ ಕೂತು ಇಬ್ಬರೂ ನೋಡೋಣ.

ಇಂತಿ ನಿನ್ನ
ಕಾಕಾ